ಹದಿನಾಲ್ಕನೇ ಸುತ್ತು

ಜಾಲರಿಯಾಚೆ ಎಂಟನೇ ಟೇಬಲ್ಲು, ಈಚೆ ನಾನು.
ಕೊರಳಲ್ಲಿ ಪಾಸು: ಪ್ಯಾರೇಜಾನ್, ಎಣಿಕೆ ಏಜೆಂಟು.
ಫೋಟೋದಲ್ಲಿ ಗಡ್ಡ ಇನ್ನೂ ಕಪ್ಪು.
ಫೋನು ಗೇಟಿನಲ್ಲೇ ಕಿತ್ತುಕೊಂಡರು, ಬೀಡಿಯನ್ನೂ.
ಒಳಗೆ ಬಿಟ್ಟದ್ದು ಒಂದು ಪೆನ್ನು, ಒಂದು ಹಾಳೆ.
ನಮ್ಮ ಬೀದಿಯ ಪಟ್ಟಿ ತಲೆಯಲ್ಲಿತ್ತು,
ಅದನ್ನು ಯಾರೂ ತಡಕಲಿಲ್ಲ.

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ
ಬೆಳಗಿನ ಐದಕ್ಕೇ ಟೆಂಪೋ ಹತ್ತಿದ್ದೆವು,
ಹಾರ ಸೀಟಿನ ಕೆಳಗೆ, ಒದ್ದೆ ಗೋಣಿಯಲ್ಲಿ.

ಹನ್ನೆರಡು ಸುತ್ತಿನ ತನಕ ನಡಿಪಣ್ಣನೇ ಮುಂದೆ.
ಮುಂದೆ ಅಂದರೆ, ಒಂದೆಳೆ.
ಹದಿಮೂರರಲ್ಲಿ ಪಕ್ಕದ ಆಂಜಿನಪ್ಪ
ಬಿಚ್ಚಿದ ಉಪ್ಪಿಟ್ಟಿನ ಪೊಟ್ಟಣ ಮತ್ತೆ ಮಡಚಿಟ್ಟ.

ಆಮೇಲೆ ನೂರ ತೊಂಬತ್ತನೇ ಬೂತು. ನಮ್ಮದು.
ಉರ್ದು ಶಾಲೆ, ಎಡಗಡೆ ಕೋಣೆ,
ಮತದಾನದ ದಿನವೂ ಹಲಗೆಯ ಮೇಲೆ
ಒಂಬತ್ತರ ಮಗ್ಗಿ ಅಳಿಸಿರಲಿಲ್ಲ.
ಮೇಡಂ ಗುಂಡಿ ಒತ್ತಿ ಯಂತ್ರವನ್ನು ನಮ್ಮ ಕಡೆ ತಿರುಗಿಸಿದರು
ಅಂಗಡಿಯವಳು ತಕ್ಕಡಿ ತೋರಿಸುವ ಹಾಗೆ.
ಒಂದು: ಇನ್ನೂರ ಮೂರು.
ಎರಡು: ಆರುನೂರ ಹನ್ನೊಂದು.

ಕಳೆದ ಸಲ ಇದೇ ಕೋಣೆ ನಡಿಪಣ್ಣನಿಗೆ
ಐನೂರ ತೊಂಬತ್ತು ಕೊಟ್ಟಿತ್ತು. ತಂದದ್ದು ನಾನು.
ಹಾಗಂತ ಐದು ವರ್ಷ ಹೇಳಿಕೊಂಡು ತಿರುಗಿದ್ದೆ.

ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ
ಒಳಗಿನ ಹುಳ ಹಸಿಯೋ ಒಣಗಿದ್ದೋ ಹೇಳುತ್ತೇನೆ,
ಮೂವತ್ತು ವರ್ಷದ ಕಿವಿ ಇದು.
ಬೀದಿಯ ಮಂದಿಯನ್ನೂ ಹಾಗೇ ಅಲ್ಲಾಡಿಸಿ ನೋಡಿದ್ದೆ.
"ನಿಮಗೇ ಭಾಯ್, ಇನ್ಯಾರಿಗೆ" ಅಂದಿದ್ದರು.
ಗಟ್ಟಿ ಸದ್ದು.

ಬೇಡ ಬೇಡವೆಂದರೂ ಲೆಕ್ಕ ಮನೆಮನೆ ಹೊಕ್ಕಿತು.
ಮಸೀದಿ ಸಾಲು. ಚಾಕಿ ಸೆಂಟರಿನ ಹಿಂದಿನ ಹದಿನಾರು ಮನೆ.
ನನ್ನ ಬೇಸಿನ್ನಿನ ಆರು ಹೆಂಗಸರು,
ಕುದಿನೀರಲ್ಲಿ ಎಳೆ ಹುಡುಕಿ ಹುಡುಕಿ ಬೆರಳು ಬೆಂದು
ಮತದ ಶಾಯಿಯೂ ನಾಲ್ಕೇ ದಿನಕ್ಕೆ ಚರ್ಮದ ಜೊತೆ ಹೋದವರು.
ಗಂಗುಲಮ್ಮ ಒಂದು ಸಲ ಕೇಳಿದ್ದಳು,
ಕೈಗೆ ಹಚ್ಚೋ ಮುಲಾಮು ಆಸ್ಪತ್ರೇಲಿ ಬರ್ತಾನೇ ಇಲ್ಲ,
ನಿಮ್ಮ ಶಾಸಕರಿಗೆ ಒಂದು ಮಾತು ಹೇಳ್ತೀಯಾ?
ಹೇಳ್ತೀನಿ ಅಂದಿದ್ದೆ.
ಹೇಳಿದೆನೋ ಇಲ್ಲವೋ, ಅಲ್ಲಾನಾಣೆ ನೆನಪಿಲ್ಲ.

"ಪೋಯಿಂದಿ," ಅಂದ ಆಂಜಿನಪ್ಪ.
ನಮ್ಮ ಸೀಮೆಯಲ್ಲಿ ಜೈಕಾರ ಕನ್ನಡದಲ್ಲಿ ಕೂಗುತ್ತಾರೆ,
ಸೋತರೆ ಅವರವರ ಮನೆಮಾತು.
"ಗಯಾ," ಅಂದೆ ನಾನು.

ಹದಿನಾರನೇ ಸುತ್ತಿಗೆ ನಡಿಪಣ್ಣ ಬಂದರು.
ಬಿಳಿ ಅಂಗಿಯ ಇಸ್ತ್ರಿ ಗೆರೆ ಇನ್ನೂ ನಿಂತಿತ್ತು.
ಯಾರೋ ಕುರ್ಚಿಯಿಂದ ಅರ್ಧ ಎದ್ದರು,
ಅರ್ಧದಿಂದಲೇ ಕೂತರು.
ನನ್ನ ಹಾಳೆ ಇಸಕೊಂಡು, ಪೆನ್ನೂ ಇಸಕೊಂಡು
ಆರುನೂರ ಹನ್ನೊಂದರಲ್ಲಿ ಇನ್ನೂರ ಮೂರು
ತಾವೇ ಕಳೆದರು.
ಪಕ್ಕದ ಮನೆಯಿಂದ ಹತ್ತು ಕಡ ತಂದರು,
ತಂದದ್ದನ್ನು ಮರೆತರು.
ನಾನೂರ ಹದಿನೆಂಟು ಅಂತ ಬರೆದು ಕೆಳಗೆ ಗೆರೆ ಎಳೆದರು.
ನಾನೂರ ಎಂಟಣ್ಣಾ ಅನ್ನಲು ನಾಲಿಗೆ ಏಳಲಿಲ್ಲ.
ಹತ್ತು ಮತ ಅವರಾಗೇ ಹೆಚ್ಚಿಗೆ ಸೋತುಕೊಂಡರು.

ಕೊನೆಗೆ ಒಟ್ಟು ಸಾವಿರದ ನಾನೂರ ನಲವತ್ತಾರು.

ದೊಡ್ಡ ಗೇಟಿನಲ್ಲಿ ಅವರ ಕಡೆಯ ಹುಡುಗರ ಪಟಾಕಿ,
ಅದರಲ್ಲಿಬ್ಬರು ನಿನ್ನೆ ನಮ್ಮ ಟೆಂಪೋದಲ್ಲಿ ಬಿರಿಯಾನಿ ತಿಂದವರು.
ನಾವು ಹಿಂದಿನ ಗೇಟಿಗೆ ಬಂದೆವು.
ಡ್ರೈವರು ಟೀಗೆ ಹೋಗಿದ್ದನಂತೆ.
ಹೊಂಗೆ ಮರದ ಕೆಳಗೆ ನಿಂತೆವು, ಅವರು, ನಾನು,
ಕೈ ಎಲ್ಲಿಡಬೇಕೆಂದು ಇಬ್ಬರಿಗೂ ತಿಳಿಯದೆ.
ಮುಗಿಯಲು ಎದುರಿಗೆ ಯಾರೂ ಇರಲಿಲ್ಲ.

"ಪ್ಯಾರೂ, ಇವತ್ತು ಗೂಡಿನ ರೇಟೆಷ್ಟು?"

ಹತ್ತು ವರ್ಷ ಅವರು ನನ್ನನ್ನು ಕೇಳಿದ್ದು
ಮತ ಎಷ್ಟು, ಜನ ಎಷ್ಟು, ಖರ್ಚು ಎಷ್ಟು.
ಇದು ಮೊದಲು.
ಮತ್ತು ನೋಡಿ, ಇವತ್ತೇ ನಾನು ಮಾರುಕಟ್ಟೆಗೆ ಹೋಗಿಲ್ಲ,
ಫೋನು ಇನ್ನೂ ಆ ಗೇಟಿನಲ್ಲಿ.
ನಿನ್ನೆಯದು ಹೇಳಿದೆ: ನಾನೂರ ಎಂಬತ್ತು.

"ಒಳ್ಳೇ ರೇಟಾ ಅದು?"

ಯಾರಿಗಣ್ಣಾ, ಬೆಳೆದವರಿಗಾ, ಬಿಚ್ಚುವವರಿಗಾ,
ಅನ್ನಬೇಕೆಂದಿದ್ದೆ.
ಅಷ್ಟರಲ್ಲಿ ಗಾಡಿ ಬಂತು.